ಗುಂಟೆಗೊಂದು ಚೌಕ: ಕಪಿಲೆ ದಡದ ಕಾಲೇಜುಗಳಿಗೆ ನಕ್ಷೆಯ ಪಾಠ

ವಯನಾಡಿನಲ್ಲಿ ಮಳೆ ಹೊಯ್ದರೆ ಸಾಕು, ನಂಜನಗೂಡಿನಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಮಾನಂದವಾಡಿ ಹೊಳೆಯೂ ಪನಮರಂ ಹೊಳೆಯೂ ಕೂಡಿ ಕಬಿನಿಯಾಗಿ, ಅಂದರೆ ಕಪಿಲೆಯಾಗಿ, ಬೀಚನಹಳ್ಳಿಯ ಅಣೆಕಟ್ಟೆ ತುಂಬಿ, ಗೇಟು ಎತ್ತಿದರೆಂಬ ಸುದ್ದಿ ಬಂದ ಮೇಲೆ ಊರಿನವರ ಕಣ್ಣೆಲ್ಲ ಹದಿನಾರು ಕಾಲು ಮಂಟಪದ ಮೇಲೆ. ಮಂಟಪದ ಕಂಬಗಳು ಎಷ್ಟು ಮುಳುಗಿವೆ ಎಂಬುದೇ ಅಲ್ಲಿ ಪ್ರವಾಹದ ಅಳತೆ. 2018ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಆಗಸ್ಟ್‌ನಲ್ಲಿ ಮತ್ತೊಮ್ಮೆ ಮಲ್ಲನಮೂಲೆ ಮಠದ ಬಳಿ ನೀರು ಹೆದ್ದಾರಿಯ ಮೇಲೇ ಹರಿದು ಮೈಸೂರು–ಊಟಿ ಸಂಚಾರ ನಿಂತುಹೋಯಿತು. ಸುತ್ತೂರಿನ ಸೇತುವೆ ಮುಳುಗಿತು. ಬೊಕ್ಕಹಳ್ಳಿಯಂಥ ಊರುಗಳಿಗೆ ನೀರು ನುಗ್ಗಿತು.

ಆ ಎರಡು ವರ್ಷ ನೀರು ಎಲ್ಲಿಯವರೆಗೆ ಬಂತು ಎಂದು ದಡದ ಊರುಗಳಲ್ಲಿ ಕೇಳಿ ನೋಡಿ. ಗೋಡೆಯ ಮೇಲೆ ಕೈಯಿಟ್ಟು ತೋರಿಸುವವರು ಸಿಗುತ್ತಾರೆ. ಒಬ್ಬರ ಸೊಂಟದ ಮಟ್ಟ, ಇನ್ನೊಬ್ಬರ ಕಿಟಕಿಯ ಮಟ್ಟ. ಮುಂದಿನ ಹಬ್ಬಕ್ಕೆ ಸುಣ್ಣ ಬಳಿದರೆ ಆ ಗೆರೆ ಅಳಿಯಿತು. ಇಂಥ ಮನೆಗಳ ಮಕ್ಕಳೇ ನಂಜನಗೂಡಿನ, ತಿರುಮಕೂಡಲು ನರಸೀಪುರದ ಪದವಿ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಪರಿಸರ ಅಧ್ಯಯನದ ಪರೀಕ್ಷೆಯಲ್ಲಿ ‘ಪ್ರವಾಹಕ್ಕೆ ಕಾರಣಗಳೇನು’ ಎಂಬ ಪ್ರಶ್ನೆಗೆ ಗೈಡಿನಲ್ಲಿದ್ದ ಕಾರಣಗಳನ್ನು ಬರೆದು ಬರುತ್ತಾರೆ. ಸ್ವಂತ ಮನೆಯ ಗೋಡೆಯ ಮೇಲಿದ್ದ ಗೆರೆ ಉತ್ತರಪತ್ರಿಕೆಗೂ ಬರುವುದಿಲ್ಲ, ಯಾವ ನಕ್ಷೆಗೂ ಏರುವುದಿಲ್ಲ. ಆ ಗೆರೆಯನ್ನು ನಕ್ಷೆಗೆ ಏರಿಸುವುದೇ ಈ ಎರಡು ತಾಲ್ಲೂಕುಗಳ ಕಾಲೇಜುಗಳ ಪರಿಸರ ಪಾಠವಾಗಬೇಕು ಎಂಬುದು ಈ ಲೇಖನದ ವಾದ.

ಪರಿಸರ ಎಂಬ ವಿಷಯ ಪದವಿ ತರಗತಿಗೆ ಬಂದದ್ದು ನ್ಯಾಯಾಲಯದ ಬಾಗಿಲಿನಿಂದ. ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲಿ ಶಿಕ್ಷಣದ ಎಲ್ಲ ಹಂತದಲ್ಲೂ ಪರಿಸರ ಪಾಠ ಇರಬೇಕೆಂದು ನಿರ್ದೇಶನ ಕೊಟ್ಟಿತು. ಅದು ಜಾರಿಗೆ ಬರುತ್ತಿಲ್ಲವೆಂದು 2003ರಲ್ಲಿ ಮತ್ತೆ ಬಿಗಿ ಆದೇಶವಾದ ಮೇಲೆ ಯುಜಿಸಿ ಪಠ್ಯಕ್ರಮ ರೂಪಿಸಿ ಎಲ್ಲ ಪದವಿಗಳಿಗೂ ಕಡ್ಡಾಯ ಮಾಡಿತು. ಆ ಪಠ್ಯಕ್ರಮದಲ್ಲಿ ಕ್ಷೇತ್ರಕಾರ್ಯವೂ ಇತ್ತು: ಹತ್ತಿರದ ನದಿ, ಗುಡ್ಡ, ಕೆರೆಗೆ ಹೋಗಿ ದಾಖಲಿಸಿ ಬರಬೇಕು. ಕಾಲೇಜುಗಳಿಗೆ ತಲುಪುವ ಹೊತ್ತಿಗೆ ಉಳಿದದ್ದು ಒಂದು ಕಡ್ಡಾಯ ಪತ್ರಿಕೆ. ಪಾಸಾದರೆ ಸಾಕು ಎಂಬ ಪತ್ರಿಕೆ, ಯಾರಿಗೆ ಪಾಠದ ಅವಧಿ ಕಡಿಮೆಯಿದೆಯೋ ಆ ಅಧ್ಯಾಪಕರ ಹೆಗಲಿಗೆ ಬೀಳುವ ಪತ್ರಿಕೆ.

ಇನ್ನೊಂದು ಕಡೆ ಜಿಐಎಸ್, ಅಂದರೆ ಭೌಗೋಳಿಕ ಮಾಹಿತಿ ವ್ಯವಸ್ಥೆ. ಭೂಗೋಳ ಓದುವವರಿಗೆ ಪ್ರಾಯೋಗಿಕ ಪಾಠವಾಗಿ, ಉಳಿದವರಿಗೆ ಸರ್ಟಿಫಿಕೇಟ್ ಕೋರ್ಸಾಗಿ, ‘ಕೆಲಸ ಸಿಗುವ ಕೌಶಲ’ ಎಂಬ ಹೆಸರಿನಲ್ಲಿ ಅದು ಬರುತ್ತದೆ. ಅಭ್ಯಾಸಕ್ಕೆ ಕೊಡುವುದು ತಂತ್ರಾಂಶದ ಜೊತೆಗೇ ಬಂದ ಯಾವುದೋ ದೂರದೇಶದ ನಗರದ ಮಾದರಿ ನಕ್ಷೆ. ಪರಿಸರದ ಪಾಠಕ್ಕೆ ಸಾಧನವಿಲ್ಲ, ಸಾಧನದ ಪಾಠಕ್ಕೆ ಊರಿಲ್ಲ. ಎರಡೂ ಒಂದೇ ಕಟ್ಟಡದಲ್ಲಿ ನಡೆಯುತ್ತವೆ, ಒಂದಕ್ಕೊಂದು ಮುಖ ಕೊಡುವುದಿಲ್ಲ.

ಕೂಡಿಸಿದರೆ ಏನಾಗುತ್ತದೆ ಎಂಬುದನ್ನು ಒಂದೇ ಒಂದು ಅಭ್ಯಾಸ ಹಿಡಿದು ನೋಡೋಣ: 2019ರ ಪ್ರವಾಹದ ನಕ್ಷೆ.

ಮೊದಲು ಬೇಕಾದ್ದು ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಹಾಳೆಗಳು. ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಹಳೆಯ ಎಣಿಕೆಯಲ್ಲಿ ನಂಜನಗೂಡು 57ಡಿ/12ರಲ್ಲಿ ಬರುತ್ತದೆ, ತಿ. ನರಸೀಪುರ 57ಡಿ/16ರಲ್ಲಿ. ತಲಕಾಡಿಗೆ ಹೋದರೆ ಹಾಳೆಯೇ ಬೇರೆ, 57ಎಚ್/4. 77 ಡಿಗ್ರಿ ರೇಖಾಂಶ ನರಸೀಪುರಕ್ಕೂ ತಲಕಾಡಿಗೂ ನಡುವೆ ಹಾದುಹೋಗಿರುವುದೇ ಇದಕ್ಕೆ ಕಾರಣ. ದಿನಾ ಬಸ್ಸಿನಲ್ಲಿ ಆ ರೇಖೆ ದಾಟಿ ಕಾಲೇಜಿಗೆ ಬರುವ ಹುಡುಗರಿದ್ದಾರೆ. ಅಕ್ಷಾಂಶ ರೇಖಾಂಶದ ಪಾಠವನ್ನು ಗ್ರೀನಿಚ್‌ನಿಂದ ಶುರುಮಾಡುವ ಬದಲು ಆ ಬಸ್ಸಿನಿಂದಲೇ ಶುರುಮಾಡಬಹುದು.

ಹಾಳೆಯನ್ನು ಕಂಪ್ಯೂಟರಿಗೆ ಏರಿಸಿ, ನಾಲ್ಕು ಮೂಲೆಗಳ ಅಕ್ಷಾಂಶ ರೇಖಾಂಶ ಕೊಟ್ಟು ನೆಲಕ್ಕೆ ಕೂರಿಸಬೇಕು. ಇದಕ್ಕೆ ಕ್ಯೂಜಿಐಎಸ್ ಎಂಬ ತಂತ್ರಾಂಶ ಸಾಕು. 2002ರಲ್ಲಿ ಗ್ಯಾರಿ ಶರ್ಮನ್ ಎಂಬುವರು ಆರಂಭಿಸಿದ ಈ ಮುಕ್ತ ತಂತ್ರಾಂಶಕ್ಕೆ ಒಂದು ರೂಪಾಯಿಯೂ ಕೊಡಬೇಕಿಲ್ಲ. ನಮ್ಮ ಎರಡೂ ತಾಲ್ಲೂಕು ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ ಸೇರಿದವು. ಆ ವಲಯವನ್ನು ಆರಿಸದೆ ಡಿಗ್ರಿಯ ಲೆಕ್ಕದಲ್ಲೇ ಬಿಟ್ಟರೆ ಹೊಲದ ವಿಸ್ತೀರ್ಣ ಅರ್ಥವಿಲ್ಲದ ಅಂಕಿಯಾಗಿ ಬರುತ್ತದೆ. ಯಾಕೆ ಹೀಗೆ ಎಂದು ವಿದ್ಯಾರ್ಥಿ ಕೇಳಿದಾಗಲೇ ಭೂಮಿ ಗುಂಡಗಿದೆ, ಹಾಳೆ ಚಪ್ಪಟೆಯಾಗಿದೆ ಎಂಬ ಮಾತು ನಿಜವಾಗಿ ತಲೆಗೆ ಹೋಗುವುದು.

ಆಮೇಲೆ ಉಪಗ್ರಹದ ಚಿತ್ರ. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಸೆಂಟಿನೆಲ್–2 ಉಪಗ್ರಹಗಳು 2015ರಿಂದ ಕಳಿಸುತ್ತಿರುವ ಚಿತ್ರಗಳು ಯಾರಿಗಾದರೂ ಉಚಿತ. ಅವುಗಳ ಅತಿ ಸಣ್ಣ ಚೌಕ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 100 ಚದರ ಮೀಟರ್. ನಮ್ಮ ಒಂದು ಗುಂಟೆ 33 ಅಡಿಗೆ 33 ಅಡಿ, ಅಂದರೆ 101 ಚದರ ಮೀಟರಿಗೆ ತುಸು ಹೆಚ್ಚು. ಎಂಟುನೂರು ಕಿಲೋಮೀಟರಿಗೂ ಸ್ವಲ್ಪ ಕೆಳಗಿನ ಎತ್ತರದಲ್ಲಿ ಸುತ್ತುವ ಉಪಗ್ರಹ ನೆಲವನ್ನು ನೋಡುವುದು ಹೆಚ್ಚುಕಡಿಮೆ ಗುಂಟೆಗೊಂದು ಚೌಕದಂತೆ! ನಲವತ್ತು ಚೌಕ ಎಣಿಸಿದರೆ ಒಂದು ಎಕರೆ. ಈ ಒಂದು ಸಂಗತಿಯನ್ನು ಮೊದಲ ದಿನ ಹೇಳಿದರೆ ರೈತರ ಮಕ್ಕಳಿಗೆ ಜಿಐಎಸ್ ಎಂಬ ಹೆಸರಿನ ಭಯ ಅರ್ಧ ಇಳಿಯುತ್ತದೆ. ಪಹಣಿಯಲ್ಲಿ ಕಾಣುವ ಗುಂಟೆ, ಪರದೆಯ ಮೇಲಿನ ಚುಕ್ಕೆ ಎರಡೂ ಒಂದೇ ಅಳತೆಯವು ಎಂದು ತಿಳಿದ ಮೇಲೆ ಉಳಿದದ್ದು ಕೈ ಪಳಗಿಸುವ ಕೆಲಸ.

ಆದರೆ ಆಗಸ್ಟ್ ತಿಂಗಳಲ್ಲಿ ಆಕಾಶದ ತುಂಬ ಮೋಡ. ಸಾಮಾನ್ಯ ಚಿತ್ರದಲ್ಲಿ ಕಾಣುವುದು ಬಿಳಿ ಹತ್ತಿ ಮಾತ್ರ. ಆಗ ಬೇಕಾದ್ದು ಸೆಂಟಿನೆಲ್–1ರಂಥ ರೇಡಾರ್ ಉಪಗ್ರಹ. ನಮ್ಮ ಇಸ್ರೊದ ರಿಸ್ಯಾಟ್ ಸರಣಿ, 2025ರ ಜುಲೈ 30ರಂದು ನಾಸಾ ಜೊತೆ ಸೇರಿ ಹಾರಿಸಿದ ನಿಸಾರ್ ಕೂಡ ಇದೇ ಬಗೆಯವು. ರೇಡಾರ್ ತರಂಗ ಮೋಡವನ್ನು ದಾಟಿ ಬರುತ್ತದೆ. ಒರಟು ನೆಲಕ್ಕೆ ಬಡಿದರೆ ಒಂದಿಷ್ಟು ಮರಳಿ ಹೋಗುತ್ತದೆ, ನಿಂತ ನೀರಿಗೆ ಬಡಿದರೆ ಪಕ್ಕಕ್ಕೆ ಜಾರಿಹೋಗುತ್ತದೆ. ಹಾಗಾಗಿ ನೀರಿದ್ದ ಕಡೆಯೆಲ್ಲ ಚಿತ್ರ ಕಪ್ಪು. ಪ್ರವಾಹಕ್ಕೆ ಮುಂಚಿನ ಚಿತ್ರ, ಪ್ರವಾಹದ ಹೊತ್ತಿನ ಚಿತ್ರ ಎರಡನ್ನೂ ಒಂದರ ಮೇಲೊಂದಿಟ್ಟು ಹೊಸದಾಗಿ ಕಪ್ಪಾದ ಜಾಗವನ್ನು ಗುರುತಿಸಿದರೆ ಪ್ರವಾಹದ ನಕ್ಷೆ ಸಿದ್ಧ ಎನ್ನುತ್ತದೆ ಪುಸ್ತಕ.

ಪುಸ್ತಕದ ಮಾತು ಇಲ್ಲಿ ಸಾಲದು. ಆಗಸ್ಟ್ ಅಂದರೆ ತಿ. ನರಸೀಪುರದ ನಾಲೆ ಬಯಲಿನಲ್ಲಿ ಭತ್ತದ ನಾಟಿಯ ಕಾಲ. ಮಡಿಯಲ್ಲಿ ನೀರು ಕಟ್ಟಿ, ಕೆಸರು ಮಾಡಿ, ಪೈರು ನೆಡುವ ಹೊತ್ತು. ಜುಲೈ ಮೊದಲಲ್ಲಿ ಒಣಗಿದ್ದ ಗದ್ದೆ ಆಗಸ್ಟ್‌ನಲ್ಲಿ ನೀರು ತುಂಬಿಕೊಂಡು ರೇಡಾರಿಗೆ ಥೇಟು ಪ್ರವಾಹದಂತೆಯೇ ಕಪ್ಪಾಗಿ ಕಾಣುತ್ತದೆ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕೂತು ನಕ್ಷೆ ಮಾಡುವವರು ಮಾಧವಮಂತ್ರಿ ನಾಲೆಯ ಕೆಳಗಿನ ನಾಟಿ ಗದ್ದೆಯನ್ನು ಮುಳುಗಡೆ ಎಂದು ಬರೆದುಬಿಡಬಹುದು. ನಾಲೆಗೆ ನೀರು ಬಿಟ್ಟದ್ದು ಯಾವ ವಾರ, ತಮ್ಮ ಊರ ಬಯಲಲ್ಲಿ ನಾಟಿ ಮೊದಲು ಯಾವ ಕಡೆಯಿಂದ ಶುರುವಾಗುತ್ತದೆ, ಹೊಳೆಯ ನೀರು ಯಾವ ಹಳ್ಳದಿಂದ ಹಿಂದಕ್ಕೆ ನುಗ್ಗುತ್ತದೆ ಎಂಬುದೆಲ್ಲ ಅಲ್ಲಿಯ ಹುಡುಗಿ ಹುಡುಗರಿಗೆ ಗೊತ್ತು. ತಜ್ಞರು ‘ನೆಲದ ಸತ್ಯ’ ಎಂದು ಕರೆದು, ಹಣ ಕೊಟ್ಟು ಸಂಗ್ರಹಿಸುವ ಮಾಹಿತಿ ಈ ತರಗತಿಯ ಬೆಂಚುಗಳ ಮೇಲೇ ಕೂತಿದೆ.

ಇನ್ನೊಂದು ತೊಡಕೂ ಇದೆ. ಸೆಂಟಿನೆಲ್–1ರ ಒಂದು ಉಪಗ್ರಹ ಒಂದೇ ಹಾದಿಯಲ್ಲಿ ಮರಳಿ ಬರುವುದು 12 ದಿನಕ್ಕೊಮ್ಮೆ. ಕಪಿಲೆಯ ನೆರೆ ಎರಡು ಮೂರು ದಿನದಲ್ಲಿ ಏರಿ ಇಳಿದುಬಿಡಬಹುದು. ಉಪಗ್ರಹ ಬರುವ ಹೊತ್ತಿಗೆ ನೀರು ತಗ್ಗಿದ್ದರೆ ನಕ್ಷೆಯಲ್ಲಿ ಪ್ರವಾಹವೇ ಆಗಿಲ್ಲ ಎಂಬಂತೆ ಇರುತ್ತದೆ. ಆ ಮೂರು ದಿನ ಊರವರು ಮೊಬೈಲಿನಲ್ಲಿ ತೆಗೆದ ಫೋಟೊಗಳಲ್ಲಿ ಹೊತ್ತು, ಜಾಗ ಎರಡೂ ದಾಖಲಾಗಿರಬಹುದು. ಗೋಡೆಯ ಗೆರೆ ಅದಕ್ಕಿಂತ ಗಟ್ಟಿ ಸಾಕ್ಷಿ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪಿಗೆ ನೀರು ತುಂಬಿ, ಒಂದು ಮನೆಯ ಗೆರೆಯಿಂದ ಪಕ್ಕದ ಮನೆಯ ಗೆರೆಗೆ, ಅಲ್ಲಿಂದ ಸೇತುವೆಯ ಕಂಬಕ್ಕೆ ಮಟ್ಟ ಹಿಡಿದುಕೊಂಡು ಹೋದರೆ ಬೀದಿಯ ಮಟ್ಟದ ಪ್ರವಾಹ ರೇಖೆ ಸಿಗುತ್ತದೆ. ಉಪಗ್ರಹದಿಂದ ಸಿಗುವ ಉಚಿತ ಎತ್ತರದ ಮಾಹಿತಿಯಲ್ಲಿ ಕೆಲವು ಮೀಟರಿನಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಮನೆಯೊಳಗೆ ನಾಲ್ಕಡಿ ನೀರು ಬಂತೋ ಇಲ್ಲವೋ ಎಂಬುದನ್ನು ಅದರಿಂದ ಹೇಳಲಾಗದು. ಪೈಪಿನಿಂದ ಹೇಳಬಹುದು.

ಪ್ರವಾಹದಷ್ಟು ಕಣ್ಣಿಗೆ ಕಾಣದ, ಆದರೆ ವರ್ಷವಿಡೀ ಇರುವ ಸಂಗತಿ ನೀರಿನ ಗುಣ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಮಲಿನ ನದಿ ಭಾಗಗಳನ್ನು ಪಟ್ಟಿ ಮಾಡಿತು. ಕರ್ನಾಟಕದ 17ರಲ್ಲಿ ನಂಜನಗೂಡಿನಿಂದ ಹೆಜ್ಜಿಗೆವರೆಗಿನ ಕಬಿನಿಯೂ ಒಂದು. ಕಪಿಲೆಯಲ್ಲಿ ಮುಳುಗೆದ್ದು ಶ್ರೀಕಂಠೇಶ್ವರನ ದರ್ಶನಕ್ಕೆ ನಿಲ್ಲುವ ಭಕ್ತರಿಗೆ ಇದು ಗೊತ್ತಿರಬೇಕಾದ ಸಂಗತಿ. ಕೆಳಗೆ, ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲಿನಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಸುವ ಸಂಪ್ರದಾಯವಿದೆ. 2025ರ ಫೆಬ್ರುವರಿಯಲ್ಲೂ ಜನ ಸಂಗಮದಲ್ಲಿ ಮಿಂದರು. ಆ ನೀರಿನಲ್ಲಿ ಏನಿದೆ ಎಂದು ಬಿ.ಎಸ್ಸಿ. ವಿದ್ಯಾರ್ಥಿ ತನ್ನ ಕೈಯಾರೆ ಅಳೆಯಬಲ್ಲ.

ಅಳೆಯುವ ವಿಧಾನ ನೂರು ವರ್ಷಕ್ಕೂ ಹಳೆಯದು, ವಿಂಕ್ಲರ್ ಪದ್ಧತಿ. 300 ಮಿಲಿಲೀಟರಿನ ಗಾಜಿನ ಬಾಟಲಿಯನ್ನು ಗುಳ್ಳೆ ಏಳದಂತೆ ಹೊಳೆಯಲ್ಲಿ ಮುಳುಗಿಸಿ ತುಂಬಬೇಕು. ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರ ಬೆರೆತ ಅಯೋಡೈಡ್ ಬಿಟ್ಟು ಬಿರಡೆ ಮುಚ್ಚಿ ಅಲುಗಿಸಿದರೆ ಒಳಗೆ ಮೋಡದಂಥ ಗಸಿ ಏಳುತ್ತದೆ. ಗಸಿ ಕಂದು ಬಣ್ಣಕ್ಕೆ ತಿರುಗಿದರೆ ನೀರಿನಲ್ಲಿ ಆಮ್ಲಜನಕವಿದೆ. ಬೆಳ್ಳಗೇ ಉಳಿದರೆ ಅಲ್ಲಿ ಮೀನಿಗೆ ಉಸಿರಿಲ್ಲ. ಗಂಧಕಾಮ್ಲ ಹಾಕಿ ಕರಗಿಸಿ, ಥಯೋಸಲ್ಫೇಟನ್ನು ತೊಟ್ಟು ತೊಟ್ಟಾಗಿ ಬಿಡುತ್ತಾ, ಕೊನೆಗೆ ಗಂಜಿಯ ದ್ರಾವಣದಿಂದ ಬಂದ ಕಡುನೀಲಿ ಒಂದೇ ತೊಟ್ಟಿಗೆ ಮಾಯವಾಗುವ ಕ್ಷಣದ ಅಂಕಿಯನ್ನು ಬರೆದುಕೊಳ್ಳಬೇಕು. ಸ್ನಾನಕ್ಕೆ ಯೋಗ್ಯ ಎನಿಸಿಕೊಳ್ಳಲು ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಬೇಕು. ಇನ್ನೊಂದು ಬಾಟಲಿಯನ್ನು 27 ಡಿಗ್ರಿ ಶಾಖದಲ್ಲಿ ಮೂರು ದಿನ ಕತ್ತಲಲ್ಲಿಟ್ಟು ಮತ್ತೆ ಅಳೆದರೆ ಕೊಳೆ ಎಷ್ಟು ಆಮ್ಲಜನಕ ನುಂಗಿತು ಎಂಬ ಲೆಕ್ಕ, ಅಂದರೆ ಬಿಒಡಿ, ತಿಳಿಯುತ್ತದೆ. ಅದು 3 ಮಿಲಿಗ್ರಾಂ ಮೀರಬಾರದು.

ಒಂದು ಅಂಕಿಗೆ ಒಂದು ಜಾಗ, ಒಂದು ದಿನಾಂಕ ಸೇರಿದರೆ ಅದು ನಕ್ಷೆಯ ಮೇಲೆ ಕೂರುವ ಚುಕ್ಕೆ. ಪಟ್ಟಣಕ್ಕೆ ಮೇಲುಗಡೆ, ಸ್ನಾನಘಟ್ಟ, ಗುಂಡ್ಲು ಹೊಳೆ ಕೂಡುವ ಕಡೆ, ಹೆಜ್ಜಿಗೆ, ಸುತ್ತೂರು, ಕೊನೆಗೆ ಕಾವೇರಿ ಸೇರುವ ಮುಂಚೆ. ಇಷ್ಟು ಜಾಗಗಳಲ್ಲಿ ಎರಡೂ ಪಟ್ಟಣದ ಕಾಲೇಜುಗಳು ಹಂಚಿಕೊಂಡು ತಿಂಗಳಿಗೊಮ್ಮೆ ಅಳೆಯುತ್ತಾ ಹೋದರೆ ನದಿ ಯಾವ ತಿರುವಿನಲ್ಲಿ ಕೆಡುತ್ತದೆ, ಎಲ್ಲಿಗೆ ಹೋಗಿ ಸುಧಾರಿಸಿಕೊಳ್ಳುತ್ತದೆ ಎಂಬುದು ಒಂದೇ ಹಾಳೆಯ ಮೇಲೆ ಕಾಣುತ್ತದೆ. ಚರಂಡಿಯದೋ ಕೈಗಾರಿಕೆಯದೋ ಹೊಲದ ಗೊಬ್ಬರದ್ದೋ ಎಂಬ ಜಗಳಕ್ಕೆ ಆಗ ಆಧಾರ ಸಿಗುತ್ತದೆ. ಊಹೆಯ ಮೇಲೆ ಯಾರನ್ನೂ ದೂರಬೇಕಾಗುವುದಿಲ್ಲ, ಯಾರನ್ನೂ ಸುಮ್ಮನೆ ಬಿಡಬೇಕಾಗುವುದೂ ಇಲ್ಲ.

ನಕ್ಷೆ ಜೀವದ ಪ್ರಶ್ನೆಯೂ ಆಗಬಲ್ಲದು ಎಂಬುದನ್ನು ತಿ. ನರಸೀಪುರ ತಾಲ್ಲೂಕು ಕಂಡಿದೆ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ, ಮೂರೇ ತಿಂಗಳಲ್ಲಿ, ಚಿರತೆ ದಾಳಿಗೆ ನಾಲ್ವರು ಸತ್ತರು. ಅವರಲ್ಲಿ ಇಬ್ಬರು ಕಾಲೇಜಿಗೆ ಹೋಗುತ್ತಿದ್ದವರು. ಒಬ್ಬ ಹನ್ನೊಂದು ವರ್ಷದ ಬಾಲಕ. ಮೈಸೂರು ಜಿಲ್ಲೆಗೆ ಚಿರತೆ ಕಾರ್ಯಪಡೆ ರಚನೆಯಾಯಿತು, ಬೋನುಗಳು ಬಂದವು, ಸಂಜೆಯಾದ ಮೇಲೆ ಹೊರಗೆ ಬರಬೇಡಿ ಎಂಬ ಎಚ್ಚರಿಕೆಯೂ ಬಂತು. ದಟ್ಟ ಕಾಡಿಲ್ಲದ ತಾಲ್ಲೂಕಿನಲ್ಲಿ ಚಿರತೆ ಬದುಕುವುದು ಬಂಡೆಗುಡ್ಡಗಳಲ್ಲಿ, ಕುರುಚಲಿನಲ್ಲಿ, ಕಬ್ಬಿನ ಗದ್ದೆಗಳಲ್ಲಿ. ಕಬ್ಬು ಹತ್ತು–ಹನ್ನೆರಡು ತಿಂಗಳು ನಿಲ್ಲುವ ಬೆಳೆ. ಚಿರತೆ ಅಲ್ಲೇ ಮರಿ ಹಾಕುವುದೂ ಉಂಟು. ಕಟಾವಾದ ದಿನ ಆಸರೆ ಹೋಯಿತು, ಪ್ರಾಣಿ ಜಾಗ ಬದಲಿಸಿತು.

ಕಬ್ಬಿನ ಕಟಾವು ಉಪಗ್ರಹಕ್ಕೆ ಚೆನ್ನಾಗಿ ಕಾಣುತ್ತದೆ. ಹಸಿರೆಲೆ ಕೆಂಪು ಬೆಳಕನ್ನು ನುಂಗಿ, ನಮ್ಮ ಕಣ್ಣಿಗೆ ಕಾಣದ ಅವಗೆಂಪನ್ನು ಹಿಂದಕ್ಕೆ ಎಸೆಯುತ್ತದೆ. ಈ ಎರಡರ ಅಂತರದಿಂದ ಲೆಕ್ಕ ಹಾಕುವ ಹಸಿರು ಸೂಚ್ಯಂಕ, ಕಬ್ಬು ನಿಂತಿರುವವರೆಗೆ ಮೇಲಿದ್ದು ಕಟಾವಾದ ವಾರ ದಿಢೀರನೆ ಬೀಳುತ್ತದೆ. ಯಾವ ಗುಡ್ಡದ ಪಕ್ಕ ಯಾವ ಬಯಲು ಯಾವ ವಾರ ಕಟಾವಾಯಿತು, ಆ ಸುತ್ತಿನಲ್ಲಿ ಚಿರತೆ ಕಂಡದ್ದು ಯಾವತ್ತು, ಕರು ಕುರಿ ಹೋದದ್ದು ಎಲ್ಲಿ, ಬಸ್ ಇಳಿದು ಮನೆಗೆ ನಡೆಯುವ ದಾರಿ ಯಾವುದು, ಬೀದಿದೀಪ ಎಲ್ಲಿಗೆ ನಿಲ್ಲುತ್ತದೆ. ಈ ಪದರಗಳನ್ನು ಒಂದರ ಮೇಲೊಂದಿಟ್ಟ ನಕ್ಷೆ ಅರಣ್ಯ ಇಲಾಖೆಗೂ ಬೇಕು, ಪಂಚಾಯಿತಿಗೂ ಬೇಕು. ಸಹಪಾಠಿಗಳನ್ನು ಕಳೆದುಕೊಂಡ ತಾಲ್ಲೂಕಿನ ವಿದ್ಯಾರ್ಥಿಗಳಿಗೆ ಇದಕ್ಕಿಂತ ಅಗತ್ಯದ ಪ್ರಾಜೆಕ್ಟ್ ನನಗೆ ತೋಚುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ: ಚಿರತೆಯ ಮರಿಗಳು ಇರುವ ಜಾಗವನ್ನು ಎಲ್ಲರಿಗೂ ಕಾಣುವ ನಕ್ಷೆಯಲ್ಲಿ ಹಾಕಬಾರದು. ಬೇಟೆಯವರಿಗೂ ಮೊಬೈಲ್ ಇದೆ.

ಇಂಥ ಕೆಲಸ ಸಾಧ್ಯವೇ ಎಂದು ಕೇಳುವವರಿಗೆ ಪಕ್ಕದ ಕೇರಳ ಉತ್ತರ ಕೊಟ್ಟು ಮೂರು ದಶಕ ಕಳೆದಿದೆ. 1990ರ ದಶಕದ ಮೊದಲಲ್ಲಿ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಮತ್ತು ತಿರುವನಂತಪುರದ ಭೂವಿಜ್ಞಾನ ಅಧ್ಯಯನ ಕೇಂದ್ರ ಸೇರಿ ಪಂಚಾಯಿತಿಗಳ ಸಂಪನ್ಮೂಲ ನಕ್ಷೆ ಮಾಡಿಸಿದವು. ಕಣ್ಣೂರು ಜಿಲ್ಲೆಯ ಕಲ್ಯಾಶ್ಶೇರಿಯ ಹೆಸರು ಅದರಿಂದಲೇ ದೇಶಕ್ಕೆ ಗೊತ್ತಾಯಿತು. ಸ್ವಯಂಸೇವಕರು ಸರ್ವೆ ನಂಬರ್ ಇದ್ದ ಹಾಳೆ ಹಿಡಿದು ಹೊಲ ಹೊಲ ತಿರುಗಿ ಮಣ್ಣು, ನೀರು, ಬೆಳೆ ಗುರುತಿಸಿದರು. ಆಗ ಕೈಯಲ್ಲಿದ್ದದ್ದು ಬಣ್ಣದ ಪೆನ್ಸಿಲ್. ನಮ್ಮಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಮಾಧವ ಗಾಡ್ಗೀಳರು ಕಾಲೇಜು ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕಟ್ಟಿಕೊಂಡು ಊರೂರಿನ ಜೀವವೈವಿಧ್ಯ ದಾಖಲಾತಿ ಮಾಡಿಸಿದರು. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಸ್ಥಳೀಯ ಸಂಸ್ಥೆಗೂ ಸಮಿತಿ ಇರಬೇಕೆಂದಿತು, ಜನತಾ ದಾಖಲಾತಿ ಪುಸ್ತಕ ಆ ಸಮಿತಿಯ ಹೊಣೆಯಾಯಿತು. ದೇವರಸನಹಳ್ಳಿ ಕಡೆಯ ಕಪ್ಪು ಮಣ್ಣಿನ ಯಾವ ಯಾವ ಗುಂಟೆಯಲ್ಲಿ ನಂಜನಗೂಡು ರಸಬಾಳೆ ಇವತ್ತಿಗೂ ಉಳಿದಿದೆ, ಯಾವುದರಲ್ಲಿ ಸೊರಗು ರೋಗ ಬಂದು ಹೋಯಿತು ಎಂಬ ನಕ್ಷೆ ಆ ಪುಸ್ತಕದ ಮೊದಲ ಪುಟಕ್ಕೆ ತಕ್ಕದ್ದು. ಭೌಗೋಳಿಕ ಗುರುತು ಪಡೆದ ಹಣ್ಣಿಗೆ ಭೂಗೋಳವೇ ದಾಖಲಾಗದಿದ್ದರೆ ಹೇಗೆ?

ಒಂದು ಕಾಲದಲ್ಲಿ ನಕ್ಷೆ ಆಳುವವರ ಸೊತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬೆನ್ನಿಗೇ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಇಳಿದ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ. ಸ್ವಾತಂತ್ರ್ಯ ಬಂದ ಮೇಲೂ ನಕ್ಷೆಗೆ ಅನುಮತಿ, ನಿರ್ಬಂಧ ತಪ್ಪಿರಲಿಲ್ಲ. 2021ರ ಫೆಬ್ರುವರಿ 15ರಂದು ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಿಂದ ಭಾರತೀಯರು ಮುಂಗಡ ಅನುಮತಿಯಿಲ್ಲದೆ ನಕ್ಷೆಯ ಮಾಹಿತಿ ಸಂಗ್ರಹಿಸಿ ಪ್ರಕಟಿಸಬಹುದಾಯಿತು, ಕೆಲವು ಸೂಕ್ಷ್ಮ ಜಾಗಗಳನ್ನು ಬಿಟ್ಟು. ಕರ್ನಾಟಕದ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. 1986ರಲ್ಲಿ ಸ್ಥಾಪನೆಯಾದ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ಬೆಂಗಳೂರಿನಲ್ಲಿದೆ. ಡೆಹ್ರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆ ಕಾಲೇಜುಗಳಿಗೆ 2007ರಿಂದ ದೂರಪಾಠ ಕೊಡುತ್ತಾ ಬಂದಿದೆ, ಶುಲ್ಕವಿಲ್ಲದೆ. ಬಾಗಿಲು ಮುಚ್ಚಿಲ್ಲ.

ಹಾಗಾದರೆ ತಡೆ ಎಲ್ಲಿ? ಯಂತ್ರದ್ದಲ್ಲ, ಮನುಷ್ಯರದ್ದು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಮೇಲೆ ನಿಂತಿದೆ. ಮುಂದಿನ ವರ್ಷ ತನಗೆ ಕೆಲಸ ಇರುತ್ತದೋ ಇಲ್ಲವೋ ಎಂದು ತಿಳಿಯದ ಅಧ್ಯಾಪಕ, ಐದು ವರ್ಷ ಒಂದೇ ಜಾಗದಲ್ಲಿ ನೀರು ಅಳೆಯುವ ಯೋಜನೆಯನ್ನು ಹೇಗೆ ಹೊರುತ್ತಾನೆ? ಮೇಲಾಗಿ 2021ರಲ್ಲಿ ಹೊಸ ಶಿಕ್ಷಣ ನೀತಿಯ ಪಠ್ಯ ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಪ್ರತಿ ಬದಲಾವಣೆಗೂ ಪತ್ರಿಕೆಯ ಹೆಸರು, ಅವಧಿ, ಅಂಕ ಬದಲಾದವು. ಹುಡುಗಿಯರನ್ನು ಹೊಳೆ ದಡಕ್ಕೆ ಕರೆದೊಯ್ಯಲು ವಾಹನ ಬೇಕು, ಊರಿಗೆ ಹೋಗುವ ಕೊನೆಯ ಬಸ್ಸಿನ ಹೊತ್ತಿಗೆ ಮರಳಿ ಬಿಡಬೇಕು. ಇದಕ್ಕೆಲ್ಲ ಹಣದ ತಲೆಬರಹ ಬೇಕು. ಮೈಸೂರು ವಿಶ್ವವಿದ್ಯಾನಿಲಯ ಪರಿಸರ ಪತ್ರಿಕೆಯ ಅರ್ಧ ಅಂಕವನ್ನು ಸ್ವಂತ ಊರಿನ ಒಂದು ನಕ್ಷೆಗೆ ಮೀಸಲಿಟ್ಟರೆ, ಕಲೆ, ವಾಣಿಜ್ಯ, ವಿಜ್ಞಾನ ಎನ್ನದೆ ಎಲ್ಲರೂ ಅದನ್ನು ಮಾಡಲೇಬೇಕಾಗುತ್ತದೆ. ಮಾಹಿತಿ ಉಳಿಯಬೇಕಾದ್ದು ಅಧ್ಯಾಪಕರ ಪೆನ್‌ಡ್ರೈವಿನಲ್ಲಲ್ಲ, ಕಾಲೇಜಿನ ಗ್ರಂಥಾಲಯದಲ್ಲಿ, ವರ್ಷದ ಲೆಕ್ಕದಲ್ಲಿ, ಮುಂದಿನ ತಂಡಕ್ಕೆ ಸಿಗುವಂತೆ.

ಕೆಲಸದ ಮಾತಿಗೂ ಇಲ್ಲಿ ಉತ್ತರವಿದೆ. ಪರವಾನಗಿ ಭೂಮಾಪಕರು, ನೀರಾವರಿ ನಿಗಮಗಳು, ನಗರ ಯೋಜನೆ, ಬೆಳೆ ವಿಮೆ, ಡ್ರೋನ್ ಸರ್ವೆ ಎಲ್ಲ ಕಡೆಯೂ ನೆಲ ಮತ್ತು ಪರದೆ ಎರಡನ್ನೂ ಬಲ್ಲವರು ಬೇಕು. ಮಾದರಿ ನಕ್ಷೆಯ ಮೇಲೆ ಕಲಿತವರಿಗಿಂತ, ನಾಟಿ ಗದ್ದೆಯನ್ನೂ ಪ್ರವಾಹವನ್ನೂ ಬೇರೆ ಮಾಡಿ ತೋರಿಸಿದ ಹುಡುಗಿಗೆ ಸಂದರ್ಶನದಲ್ಲಿ ಹೇಳಲು ಏನಾದರೂ ಇರುತ್ತದೆ.

ನಕ್ಷೆ ಸಿದ್ಧವಾದ ಮೇಲೆ ಅದನ್ನು ಕಾಲೇಜಿನ ಗೋಡೆಗೆ ತೂಗುಹಾಕಿ ನಿಲ್ಲಿಸಬಾರದು. ಕನ್ನಡದಲ್ಲಿ, ಊರವರು ಕರೆಯುವ ಹಳ್ಳ, ಕಟ್ಟೆ, ಬಯಲುಗಳ ಹೆಸರಿನೊಂದಿಗೆ ದೊಡ್ಡದಾಗಿ ಅಚ್ಚು ಹಾಕಿಸಿ ಗ್ರಾಮಸಭೆಗೆ ಒಯ್ಯಬೇಕು. ತಪ್ಪಿದ್ದರೆ ಅಲ್ಲೇ ಹಿರಿಯರು ತಿದ್ದುತ್ತಾರೆ, ತಿದ್ದಿದ್ದನ್ನು ಮರುದಿನ ಕಂಪ್ಯೂಟರಿನಲ್ಲಿ ತಿದ್ದಬೇಕು. ಇಷ್ಟು ಮನೆಗಳು ಪ್ರವಾಹದ ರೇಖೆಯೊಳಗಿವೆ, ಈ ಘಟ್ಟದ ನೀರಿನ ಬಿಒಡಿ ಇಷ್ಟು, ಈ ದಾರಿಗೆ ದೀಪ ಬೇಕು ಎಂಬುದನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಸರ್ವೆ ನಂಬರಿನ ಸಮೇತ ಬರೆಯಿಸಿ ಅಧ್ಯಕ್ಷರ ಸಹಿ ಹಾಕಿಸಬೇಕು. ನಡಾವಳಿಯ ನಕಲು ಪ್ರತಿ ತಾಲ್ಲೂಕು ಪಂಚಾಯಿತಿಗೆ ಒಂದು, ತಹಶೀಲ್ದಾರರ ಕಚೇರಿಗೆ ಒಂದು, ಕಾಲೇಜಿನ ಕಡತಕ್ಕೆ ಒಂದು.